ಹಳದಿ ಬೆಡ್‌ಶೀಟಿನ ಹಿಂದಿನ ಪಟ

ನ್ಯೂಜೆರ್ಸಿಯ ಮೆಟುಚೆನ್ನಿನ ಆ ಹಳೇ ಚರ್ಚಿನ ಹಾಲ್ ಕನ್ನಡದವರಿಗೆಲ್ಲ ಅಚ್ಚುಮೆಚ್ಚು. ಅಡುಗೆಮನೆ ದೊಡ್ಡದು, ಪಾರ್ಕಿಂಗಿಗೆ ಜಗಳವಿಲ್ಲ, ಒಗ್ಗರಣೆ ವಾಸನೆಗೆ ಯಾರೂ ಮೂಗು ಮುರಿಯುವುದಿಲ್ಲ. ಇದ್ದ ತೊಂದರೆ ಒಂದೇ. ಗೋಡೆಯ ಮೇಲೊಂದು ಹೆಣ.

ಹೆಣವೆಂದರೆ ಪಟದೊಳಗಿನ ಹೆಣ. ಡಬಲ್ ಕಾಟಿನಷ್ಟು ದೊಡ್ಡ ಎಣ್ಣೆಬಣ್ಣದ ಚಿತ್ರ. ಶಿಲುಬೆಯಿಂದ ಇಳಿಸಿದ ಏಸುವನ್ನು ನಾಲ್ಕೈದು ಜನ ಬಿಳಿಬಟ್ಟೆಯಲ್ಲಿ ಎತ್ತಿಕೊಂಡು ಸಮಾಧಿಗೆ ಇಳಿಸುತ್ತಿದ್ದಾರೆ. ನಾನೂರೈವತ್ತು ವರ್ಷದ ಹಿಂದೆ ಇಟಲಿಯಲ್ಲಿ ಬರೆದ ಚಿತ್ರದ ನಕಲು. ಊರಿನ ಇಟಾಲಿಯನ್ ಬಡಗಿಯೊಬ್ಬ ಎಂದೋ ಬರೆದು ಚರ್ಚಿಗೆ ಕೊಟ್ಟನಂತೆ. ಅದರ ಎದುರಿಗೆ ತೊಟ್ಟಿಲು ಕಟ್ಟುವುದು ಹೇಗೆ, ಸೀಮಂತದ ಹುಡುಗಿಯನ್ನು ಕೂರಿಸುವುದು ಹೇಗೆ? ಹಾಗಾಗಿ ಕನ್ನಡದವರು ಹಾಲಿಗೆ ಬಂದವರೇ ಮೊದಲು ಮಾಡುವ ಕೆಲಸವೆಂದರೆ ಆ ಪಟಕ್ಕೆ ಬೆಡ್‌ಶೀಟು ಹೊದಿಸುವುದು. ಶೈಲಜಾ ಆಂಟಿ ಅದಕ್ಕೆಂದೇ ಒಂದು ಹಳದಿ ಬೆಡ್‌ಶೀಟು ತೆಗೆದಿಟ್ಟಿದ್ದರು. ಹಳದಿ ಶುಭ, ಜೊತೆಗೆ ಫೋಟೋದಲ್ಲೂ ಚೆನ್ನಾಗಿ ಬರುತ್ತದೆ ಎಂಬುದು ಅವರ ಲೆಕ್ಕ.

ಮೇಜು ಹತ್ತಿ ಸೇಫ್ಟಿ ಪಿನ್ ಚುಚ್ಚುವ ಕೆಲಸ ಅಕ್ಷತಾಳದ್ದು. ಹತ್ತೊಂಬತ್ತು ವರ್ಷದ ಉದ್ದನೆಯ ಹುಡುಗಿ. ಒಂಬತ್ತನೇ ಕ್ಲಾಸಿನವರೆಗೆ ಧಾರವಾಡದಲ್ಲಿ ಓದಿ, ಅಪ್ಪನ ವೀಸಾದ ಬಾಲ ಹಿಡಿದು ಬಂದು, ಈಗ ಪಿಸ್ಕಾಟವೇಯ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದಳು. ಒಂದು ಕ್ರೆಡಿಟ್ ಕಡಿಮೆ ಬಿದ್ದಿತೆಂದು ಆ ಸೆಮಿಸ್ಟರಿನಲ್ಲಿ ಚಿತ್ರಕಲೆಯ ಇತಿಹಾಸ ತೆಗೆದುಕೊಂಡಿದ್ದಳು. ಇಂಥದೇ ಸಮಾಧಿಯ ಚಿತ್ರಗಳ ಬಗ್ಗೆ ಪೇಪರ್ ಬರೆದು ಎ ಮೈನಸ್ ತಂದಿದ್ದಳು. ಅಂದಿನಿಂದ ಈ ಪಟದ ಮುಂದೆ ಯಾರು ಸಿಕ್ಕರೂ ಅವರಿಗೆ ಪಾಠ ತಪ್ಪದು. ಬಾಯಿ ಮೊದಲೇ ಸುಮ್ಮನಿರುವಂಥದ್ದಲ್ಲ.

ಅಂಥ ಬಾಯಿಯೂ ಮೂರು ವಾರದಿಂದ ಒಂದು ಗುಟ್ಟನ್ನು ಹಿಡಿದಿಟ್ಟುಕೊಂಡಿತ್ತು.

ಅಜ್ಜ ಗದಿಗೆಪ್ಪ ಹಿಂದಿನ ಅಕ್ಟೋಬರಿನಲ್ಲಿ ಮೂರು ತಿಂಗಳಿಗೆಂದು ಬಂದಿದ್ದರು. ಅಜ್ಜಿ ಗುರುಸಿದ್ದಮ್ಮನಿಗೆ ಕಣ್ಣಿನ ಆಪರೇಷನ್ ಆಗಿ, ಪಾಸ್‌ಪೋರ್ಟೂ ಕೈಗೆ ಬಂದಿರದೆ, ಅವರು ಧಾರವಾಡದಲ್ಲಿ ಮಗಳ ಮನೆಯಲ್ಲಿ ಉಳಿದಿದ್ದರು. ಡಿಸೆಂಬರ್ ಮೂವತ್ತರ ಮಧ್ಯಾಹ್ನ ಅಜ್ಜ ಉಂಡು ಸೋಫಾದ ಮೇಲೆ ಅಡ್ಡಾದರು. ನಾಲ್ಕಕ್ಕೆ ಚಹಾ ಕೊಡಲು ಹೋದರೆ ಏಳಲಿಲ್ಲ.

ಅಕ್ಷತಾಳ ಅಪ್ಪ ಬಸವಪ್ರಸಾದ್ ಒಂದು ಟೆಲಿಕಾಂ ಆಫೀಸಿನಲ್ಲಿ ಕೋಬಾಲ್ ಎಂಬ ಹಳೇ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವವರು. ತೊಂಬತ್ತೊಂಬತ್ತು ಕಳೆದು ಎರಡು ಸಾವಿರ ಬಂದರೆ ಜಗತ್ತಿನ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆಂದು ಹೆದರಿಕೊಂಡಿದ್ದ ದಿನಗಳು. ಆ ಎರಡು ದಿನ ಯಾರಿಗೂ ರಜೆಯಿಲ್ಲ, ಸೊಂಟದ ಪೇಜರ್ ನಿಮಿಷಕ್ಕೊಮ್ಮೆ ಕಿರುಚುತ್ತಿತ್ತು. ಆಗ ಎಲ್ಲವನ್ನೂ ಹೆಗಲ ಮೇಲೆ ಹೊತ್ತವರು ರಾಮ್ ಅಂಕಲ್, ಶೈಲಜಾ ಆಂಟಿಯ ಗಂಡ. ಮೈಸೂರಿನವರು. ಇಂಥ ಹೊತ್ತಿನಲ್ಲಿ ಮೂರು ಮನೆಗೆ ನಿಂತು ಕೆಲಸ ಮಾಡಿದ್ದವರು. ಯಾರಿಗೆ ಫೋನ್ ಮಾಡಬೇಕು, ಯಾವ ಫಾರ್ಮ್ ತುಂಬಬೇಕು ಎಲ್ಲ ಅವರಿಗೆ ಗೊತ್ತು. ಧರ್ಮ ಹಿಂದೂ ಎಂದು ಬರೆದರು, ಅದರ ಕೆಳಗಿನ ಚೌಕದಲ್ಲಿ ದಹನ ಎಂದಿದ್ದಲ್ಲಿ ಗುರುತು ಹಾಕಿದರು. ಬಸವಪ್ರಸಾದ್ ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡೇ ಓದದೆ ಸಹಿ ಹಾಕಿದರು. ಮರುದಿನ ಬೆಳಿಗ್ಗೆ ನಲವತ್ತು ನಿಮಿಷ ಬಿಡುವು ಮಾಡಿಕೊಂಡು ಹೋಗಿ ಚಿತಾಗಾರದ ಸ್ಟೀಲ್ ಬಾಗಿಲ ಮುಂದೆ ನಿಂತಾಗಲೇ ಅವರಿಗೆ ಹೊಳೆದದ್ದು. ಲಿಂಗಾಯತರಲ್ಲಿ ಸುಡುವುದಿಲ್ಲ. ಕೂರಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ಮಣ್ಣು ಕೊಡುತ್ತಾರೆ. ಹೊಳೆಯುವ ಹೊತ್ತಿಗೆ ಬಾಗಿಲು ಮುಚ್ಚಿತ್ತು.

ಅಂದು ಮಧ್ಯಾಹ್ನ ಧಾರವಾಡದಿಂದ ಫೋನು ಬಂತು. ಮಣ್ಣು ಕೊಟ್ಟಿರೇನು ಎಂದು ತಾಯಿ ಕೇಳಿದರು. ಬಸವಪ್ರಸಾದ್ ಹೂಂ ಎಂದರು.

ಆ ಒಂದು ಹೂಂಗೆ ಮುಂದಿನ ನಾಲ್ಕು ತಿಂಗಳಲ್ಲಿ ಕೈಕಾಲು ಮೂಡಿದವು. ಗುಂಡಿ ಎಷ್ಟು ಆಳ, ಕೂರಿಸುವ ಗೂಡು ಯಾವ ದಿಕ್ಕಿಗೆ ಕೊರೆಸಿದಿರಿ, ವಿಭೂತಿ ಎಲ್ಲಿಂದ ತಂದಿರಿ ಎಂದು ಅಜ್ಜಿ ಕೇಳುತ್ತ ಹೋದರು, ಮಗ ಹೇಳುತ್ತ ಹೋದರು. ಏಪ್ರಿಲ್‌ನಲ್ಲಿ ಅಜ್ಜಿಯೇ ಬಂದಿಳಿದರು. ಏರ್‌ಪೋರ್ಟಿನಿಂದ ಮನೆಗೆ ಬರುವ ದಾರಿಯಲ್ಲೇ ಅವರು ಹೇಳಿದ್ದು ಒಂದೇ ಮಾತು.

“ನಾಳೆ ಬೆಳಿಗ್ಗೆ ಕರಕೊಂಡ ಹೋಗೋ ಪ್ರಸಾದಾ. ನಾನೂ ಒಂದ ಹಿಡಿ ಮಣ್ಣ ಕೊಟ್ಟು ಬರತೀನಿ.”

ನಾಳೆ ಎಂಬುದು ಮೂರು ವಾರವಾಯಿತು. ಒಮ್ಮೆ ಅಲ್ಲಿ ಕೆಸರಾಗಿದೆ, ಒಮ್ಮೆ ಗೇಟು ಹಾಕಿದ್ದಾರೆ, ಒಮ್ಮೆ ಆಫೀಸಿನಲ್ಲಿ ಡೆಡ್‌ಲೈನ್. ಅಮ್ಮ ಸುಪ್ರಿಯಾ ಅಡುಗೆಮನೆಯಲ್ಲಿ ಗಂಡನಿಗೆ ಪಿಸುದನಿಯಲ್ಲಿ ಬೈಯುತ್ತಿದ್ದಳು. ಅಕ್ಷತಾಳಿಂದ ಮಾತು ತೆಗೆದುಕೊಂಡಾಗಿತ್ತು. ಆದರೆ ಕಷ್ಟವೆಲ್ಲ ಅವಳಿಗೇ. ಅಜ್ಜಿ ಮಲಗುತ್ತಿದ್ದದ್ದು ಅವಳ ರೂಮಿನಲ್ಲಿ. ಅಜ್ಜ ಇದ್ದದ್ದು ಅದೇ ರೂಮಿನ ಕ್ಲಾಸೆಟ್ಟಿನಲ್ಲಿ, ಚಳಿಗಾಲದ ಕೋಟುಗಳ ಹಿಂದೆ, ಹೆಸರು ಅಂಟಿಸಿದ ಕಪ್ಪು ಪ್ಲಾಸ್ಟಿಕ್ ಡಬ್ಬಿಯಲ್ಲಿ. ದಿನಾ ಜೀನ್ಸ್ ತೆಗೆಯಲು ಬಾಗಿಲು ಸರಿಸುವಾಗ ಅವಳು ಕೋಟುಗಳನ್ನು ಒತ್ತರಿಸಿ ಡಬ್ಬಿಯನ್ನು ಇನ್ನಷ್ಟು ಮರೆಮಾಡುತ್ತಿದ್ದಳು.

ಹೀಗಿರುವಾಗ ಬಸವ ಜಯಂತಿ ಬಂತು. ಆ ವರ್ಷ ಶನಿವಾರವೇ ಬಿದ್ದದ್ದರಿಂದ ನೂರು ಜನ ಸೇರುವ ಅಂದಾಜು. ಗೋಧಿ ಹುಗ್ಗಿ ಮಾಡುತ್ತೇನೆಂದು ಗುರುಸಿದ್ದಮ್ಮ ತಾವಾಗಿಯೇ ಒಪ್ಪಿಕೊಂಡಿದ್ದರು. ಬೆಳಿಗ್ಗೆ ಎಂಟಕ್ಕೇ ಮೊಮ್ಮಗಳ ಜೊತೆ ಹಾಲಿಗೆ ಬಂದರು. ಗೋಧಿ ಬೇಯಲು ಇಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಾಗ ಅಕ್ಷತಾ ಮೇಜಿನ ಮೇಲೆ ನಿಂತು ಬೆಡ್‌ಶೀಟಿನ ಒಂದು ಮೂಲೆ ಚುಚ್ಚಿ ಆಗಿತ್ತು. ಇನ್ನೊಂದು ಮೂಲೆ ಕೆಳಗೆ ಜೋತಾಡುತ್ತಿತ್ತು. ಅರ್ಧ ಪಟ ಹೊರಗೆ ಕಾಣುತ್ತಿತ್ತು.

“ಯಾಕ ಮುಚ್ಚಾಕತ್ತೀ?”

ಹೆಣ ಇದೆ ಅಜ್ಜಿ, ಹಬ್ಬದ ದಿನ ಸರಿಯಲ್ಲ ಅಂತಾರೆ, ಎಂದಳು ಅಕ್ಷತಾ.

“ಯಾರಂತಾರ? ನಮ್ಮ ಮಂದಿ ಅನ್ನೂದಿಲ್ಲ. ತಗಿ ಅತ್ಲಾಗ, ನೋಡತೀನಿ.”

ಅಜ್ಜಿ ಮಡಚುವ ಕುರ್ಚಿಯೊಂದನ್ನು ಎಳೆದುಕೊಂಡು ಪಟದ ಎದುರಿಗೆ ಕೂತರು. ಆಪರೇಷನ್ ಆದ ಕಣ್ಣಿಗೆ ಈಗ ಎಲ್ಲ ನಿಚ್ಚಳ. ಅಕ್ಷತಾ ಪಿನ್ ಬಿಚ್ಚಿದಳು, ಬೆಡ್‌ಶೀಟನ್ನು ಭುಜದ ಮೇಲೆ ಹಾಕಿಕೊಂಡು ಕೆಳಗಿಳಿದಳು, ಕೇಳುವವರು ಸಿಕ್ಕಿದ ಖುಷಿಯಲ್ಲಿ ಎಲ್ಲ ಮರೆತು ಪಾಠ ಶುರುಮಾಡಿದಳು. ಆಗಿನ ಕಾಲದ ಚಿತ್ರಗಾರರು ಸತ್ತವನ ಮೈಬಣ್ಣ ಹಸಿರು ಮಿಶ್ರಿತ ಬಿಳುಪಾಗಿ ಬರೆಯುತ್ತಿದ್ದರು, ಎತ್ತುವವರ ಕೆನ್ನೆ ಕೆಂಪಗೆ ಬರೆಯುತ್ತಿದ್ದರು, ಆ ಭೇದ ನೋಡು ಎಂದಳು. ನೀಲಿ ಸೆರಗಿನ ಮುದುಕಿ ತಾಯಿ. ಕೂದಲು ಬಿಚ್ಚಿಕೊಂಡು ಕೈ ಹಿಡಿದವಳು ಶಿಷ್ಯೆ. ಭುಜ ಹಿಡಿದ ಬಿಳಿ ಗಡ್ಡದವ ಊರಿನ ಸಾಹುಕಾರ.

“ಸಾವಕಾರ ಯಾಕ ಎತ್ತತಾನ?”

“ಆ ಸಮಾಧಿ ಅವನದ ಅಜ್ಜಿ. ತನಗಂತ ಕಲ್ಲಿನ್ಯಾಗ ಕೊರಸಿ ಇಟ್ಟಕೊಂಡಿದ್ದ. ಇವನಿಗೆ ಜಾಗಾನ ಇರಲಿಲ್ಲ, ಅದಕ್ಕ ಕೊಟ್ಟ.”

ಗುರುಸಿದ್ದಮ್ಮ ಬಹಳ ಹೊತ್ತು ಆ ಗಡ್ಡದವನನ್ನೇ ನೋಡಿದರು. ಅಂಥವರು ಅಲ್ಲೂ ಇದ್ದರೇನು ಎಂಬಂತೆ ತಲೆಯಾಡಿಸಿದರು. ಹಿಂದೊಮ್ಮೆ ಊರಿನಲ್ಲಿ ಬಳೆಗಾರನೊಬ್ಬ ತೀರಿಕೊಂಡಾಗ ಅವನಿಗೆ ಸ್ವಂತ ನೆಲವಿರಲಿಲ್ಲವೆಂದು ಅಜ್ಜ ತಮ್ಮ ಹೊಲದ ಮೂಲೆ ಬಿಟ್ಟುಕೊಟ್ಟದ್ದನ್ನು ಹೇಳಿದರು. ಆ ಮೂಲೆಯಲ್ಲಿ ಈಗಲೂ ನೇಗಿಲು ಹಾಯಿಸುವುದಿಲ್ಲವಂತೆ. ಅಷ್ಟು ಹೇಳಿ, ಪಟದಿಂದ ಕಣ್ಣು ತೆಗೆಯದೆ ಕೇಳಿದರು.

“ನಿಮ್ಮ ಅಜ್ಜಗ ಇಲ್ಲೆ ಯಾರು ಜಾಗಾ ಕೊಟ್ರು?”

ಅಡುಗೆಮನೆಯಲ್ಲಿ ಗೋಧಿ ಕೊತಕೊತ ಕುದಿಯುವ ಸದ್ದು ಕೇಳುತ್ತಿತ್ತು. ಅಕ್ಷತಾ ಅಲ್ಲಿಗೆ ಓಡಿಹೋಗಬಹುದಿತ್ತು. ಹೋಗಲಿಲ್ಲ. ಅಪ್ಪ ಅಂಗಲಾಚಿದ ಮುಖ ಕಣ್ಣ ಮುಂದೆ ಬಂತು. ಸಿಟಿಯವರೇ ಕೊಡುತ್ತಾರೆ ಎಂದಳು. ಯಾರು ಯಾರು ಬಂದಿದ್ದರು ಎಂದು ಅಜ್ಜಿ ಕೇಳಿದರು. ಯಾರು ಎಲ್ಲಿ ಹಿಡಿದಿದ್ದರು?

ಸುಳ್ಳು ಕಟ್ಟುವುದು ಅವಳಿಗೆ ಬಾರದ ವಿದ್ಯೆ. ಎದುರಿಗೆ ಪಟವಿತ್ತು. ಅದನ್ನೇ ನೋಡಿಕೊಂಡು ಓದುತ್ತ ಹೋದಳು. ಅಪ್ಪ ಭುಜ ಹಿಡಿದಿದ್ದ. ಅಮ್ಮ ಪಕ್ಕದಲ್ಲಿ ಕೈ ಹಿಡಿದುಕೊಂಡು ಅಳುತ್ತಿದ್ದಳು. ಬಿಳೀ ಬಟ್ಟೆ ಹಾಸಿದ್ದರು. ಸಂಜೆಯಾಗಿತ್ತು, ಆಕಾಶ ಕೆಂಪಗಿತ್ತು. ರಾಮ್ ಅಂಕಲ್ ಕಾಲು ಹಿಡಿದಿದ್ದರು. ನಿಧಾನಕ್ಕೆ ಎತ್ತಿ ಒಳಗೆ ಮಲಗಿಸಿದರು.

ಅಜ್ಜಿ ತಿರುಗಿದರು.

“ಕುಂಡ್ರಿಸಿದವ್ರನ್ನ ಕಾಲ ಹಿಡದು ಹೆಂಗ ಎತ್ತತಾರವ್ವಾ?”

ದನಿಯಲ್ಲಿ ಸಿಟ್ಟಿರಲಿಲ್ಲ. ಸುಮ್ಮನೆ ಲೆಕ್ಕ ತಾಳೆಯಾಗದ ಬೆರಗು. ಅಕ್ಷತಾ ಭುಜದ ಬೆಡ್‌ಶೀಟನ್ನು ಎರಡೂ ಕೈಯಲ್ಲಿ ಹಿಸುಕುತ್ತ ನಿಂತಳು. ಆಮೇಲೆ ನೆಲದ ಮೇಲೆ ಕೂತು ಅಜ್ಜಿಯ ಮೊಣಕಾಲಿಗೆ ಮುಖ ಒತ್ತಿಕೊಂಡಳು. ಹೇಳಿದ್ದೆಲ್ಲ ಆ ಇಳಕಲ್ ಸೀರೆಯ ಮಡಿಲಿಗೇ ಹೇಳಿದಳು. ಪೇಜರ್, ಫಾರ್ಮ್, ಸಹಿ, ಸ್ಟೀಲ್ ಬಾಗಿಲು. ಯಾರೂ ಎತ್ತಲಿಲ್ಲ ಅಜ್ಜಿ, ಕೆಳಗೆ ಗಾಲಿ ಇತ್ತು, ಗ್ಲೌಸ್ ಹಾಕಿಕೊಂಡವನೊಬ್ಬ ನೂಕಿದ ಎಂದಳು.

ಮಡಿಲು ಅಲುಗಲಿಲ್ಲ. ತಲೆಯ ಮೇಲೆ ಕೈಯೂ ಬರಲಿಲ್ಲ. ಅಕ್ಷತಾಳಿಗೆ ಅದೇ ಭಯವಾಯಿತು.

“ಲಿಂಗ?” ಎಂದರು ಅಜ್ಜಿ.

ಅದು ಇದೆ. ತೆಗೆದಿಟ್ಟು ಕೊಟ್ಟಿದ್ದಾರೆ. ಡಬ್ಬಿಯ ಜೊತೆಗೇ ಇದೆ.

“ಡಬ್ಬಿ ಎಲ್ಲೈತಿ?”

“ನನ್ನ ರೂಮಿನ್ಯಾಗ. ಕೋಟಿನ ಹಿಂದ.”

ಗುರುಸಿದ್ದಮ್ಮನ ಮುಖದಲ್ಲಿ ಆಗ ಬಂದದ್ದನ್ನು ಅಳು ಎನ್ನಲಾಗದು, ನಗು ಎನ್ನಲಾಗದು. ಸೆರಗನ್ನು ಬಾಯಿಗೆ ಒತ್ತಿಕೊಂಡರು.

“ಇಷ್ಟ ದಿನಾ ನನ್ನ ಬಾಜೂಕ ಇದ್ರಂಗಾರ,” ಎಂದರು.

ಹೊರಗೆ ಕಾರಿನ ಬಾಗಿಲು ಬಡಿದ ಸದ್ದಾಯಿತು. ಬಸವಪ್ರಸಾದ್ ಸ್ಪೀಕರ್ ಹೊತ್ತು, ಅವರ ಹಿಂದೆ ರಾಮ್ ಅಂಕಲ್ ಮೈಕಿನ ವೈರು ಸುತ್ತಿಕೊಂಡು ಒಳಗೆ ಬಂದರು. ಮುಚ್ಚದ ಪಟ, ಅದರ ಮುಂದೆ ತಾಯಿ, ನೆಲದ ಮೇಲೆ ಕಣ್ಣು ಕೆಂಪಗಾದ ಮಗಳು. ಯಾರೂ ಏನೂ ಹೇಳಬೇಕಾಗಲಿಲ್ಲ. ಬಸವಪ್ರಸಾದ್ ಸ್ಪೀಕರನ್ನು ಇಳಿಸಿ ಅದರ ಪಕ್ಕದಲ್ಲೇ ನಿಂತುಬಿಟ್ಟರು. ನಲವತ್ತಾರರ ಮನುಷ್ಯ ಸ್ಕೂಲು ಹುಡುಗನ ಹಾಗೆ ಕೈಕಟ್ಟಿಕೊಂಡರು.

“ಅವ್ವಾ, ಸಹಿ ನಾನ ಮಾಡಿದ್ದು. ಓದಲಿಲ್ಲ.”

“ಸುಟ್ಟದ್ದಕ್ಕ ಸಿಟ್ಟಿಲ್ಲೋ. ತಿಳೀಲಾರದ್ದ ಆಗೇತಿ. ನಾಕ ತಿಂಗಳು ಫೋನಿನ್ಯಾಗ ಆ ಗೂಡು, ಈ ವಿಭೂತಿ ಅಂತ ಹೇಳಿದ್ಯಲ್ಲ, ನಾ ಅದನ್ನ ಓಣಿ ಮಂದಿಗೆಲ್ಲ ಹೇಳಕೋತ ಅಡ್ಡಾಡಿದೆ. ದಿನಾ ರಾತ್ರಿ ಅಲ್ಲಿ ಹೋಗಿ ಕುಂತ ಬರತಿದ್ದೆ ಮನಸಿನ್ಯಾಗ. ಎಲ್ಲಿ ಹೋಗಿ ಕುಂತಿದ್ದೆ ನಾನು?”

ರಾಮ್ ಅಂಕಲ್ ಸುತ್ತಿದ ವೈರನ್ನು ಬಿಚ್ಚಿ ಮತ್ತೆ ಸುತ್ತುತ್ತಿದ್ದರು. ಕೊನೆಗೆ ಅದನ್ನು ಕುರ್ಚಿಯ ಮೇಲಿಟ್ಟು ಮುಂದೆ ಬಂದರು. ತಪ್ಪು ತಮ್ಮದು ಎಂದರು. ಫಾರ್ಮ್ ತುಂಬಿದ್ದು ತಾವು, ತಮ್ಮ ಕಡೆ ಹೇಗೋ ಹಾಗೇ ಅಂದುಕೊಂಡದ್ದೂ ತಾವು, ಒಂದು ಮಾತು ಕೇಳಬೇಕಿತ್ತು ಎಂದರು. ಸ್ನಾನ ಮಾಡಿಸಿ ಬಟ್ಟೆ ಹಾಕಿದ್ದೂ ತಾವೇ. ಪ್ರಸಾದ್ ಆಫೀಸಿನಿಂದ ಬರುವುದಾಗಿರಲಿಲ್ಲ.

ಗುರುಸಿದ್ದಮ್ಮ ತಲೆಯೆತ್ತಿದರು.

“ನೀವು ಜಳಕಾ ಮಾಡಿಸಿದ್ರೇನು?”

“ಹೌದಮ್ಮ.”

“ನೀರು ಬೆಚ್ಚಗಿತ್ತೇನಪಾ?”

“ಇತ್ತಮ್ಮ. ಕೈ ಇಟ್ಟು ನೋಡ್ಕೊಂಡೇ ಹಾಕ್ದೆ. ಡಿಸೆಂಬರ್ ಅಲ್ವಾ, ಛಳಿ ಆಗುತ್ತೇನೋ ಅನ್ನಿಸ್ತು.”

ಅಷ್ಟೇ ಮಾತು. ಅಜ್ಜಿ ಆಗ ಅತ್ತರು. ಮೂರು ವಾರದಲ್ಲಿ, ಪ್ರಾಯಶಃ ನಾಲ್ಕು ತಿಂಗಳಲ್ಲಿ, ಮೊದಲ ಸಲ. ಅಕ್ಷತಾಳ ಕೈಯಲ್ಲಿದ್ದ ಹಳದಿ ಬೆಡ್‌ಶೀಟಿನ ತುದಿಯಿಂದಲೇ ಕಣ್ಣು ಒರೆಸಿಕೊಂಡು, ಗೋಧಿ ತಳ ಹತ್ತೀತು, ಯಾರಾದರೂ ಕೈಯಾಡಿಸಿ ಎಂದರು.

ಅಂದು ಪಟಕ್ಕೆ ಬೆಡ್‌ಶೀಟು ಏರಲಿಲ್ಲ. ಬಂದವರಲ್ಲಿ ಕೆಲವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಒಂದಿಬ್ಬರು ಅಕ್ಷತಾಳನ್ನು ಕರೆದು ಮರೆತೆಯಾ ಎಂದು ಕೇಳಿದರು. ಬಸವಪ್ರಸಾದರೇ ಇರಲಿ ಬಿಡಿ ಎಂದರು. ಭಾಷಣ, ಮಕ್ಕಳ ಹಾಡು, ಊಟ ಎಲ್ಲ ಅದರ ಎದುರಿಗೇ ನಡೆದವು. ಅಜ್ಜಿ ಎಲ್ಲರಿಗೂ ಹುಗ್ಗಿ ಬಡಿಸಿದರು. ಮಗನ ತಟ್ಟೆ ಬಂದಾಗ ಸೌಟನ್ನು ಸೊಸೆಯ ಕೈಗೆ ಕೊಟ್ಟು ಒಳಗೆ ಹೋದರು. ಮಾತು ಬಿಟ್ಟದ್ದು ಬಿಟ್ಟೇ ಇತ್ತು.

ಹಾಲ್ ಗುಡಿಸುವಾಗ ರಾಮ್ ಅಂಕಲ್, ಶೈಲಜಾ ಆಂಟಿ ಮೂಲೆಯಲ್ಲಿ ಏನೋ ಮಾತಾಡಿಕೊಂಡರು. ಆಮೇಲೆ ಇಬ್ಬರೂ ಬಂದು ಅಜ್ಜಿಯ ಪಕ್ಕದಲ್ಲಿ ಕೂತರು. ಪ್ರಸಾದ್ ಇರುವುದು ಅಪಾರ್ಟ್‌ಮೆಂಟಿನಲ್ಲಿ, ಅಲ್ಲಿ ನೆಲವಿಲ್ಲ. ತಮ್ಮ ಮನೆಯ ಹಿಂದೆ ಇದೆ. ನಿಮಗೆ ಸರಿ ಅನಿಸಿದರೆ ಅಲ್ಲೇ ಮಣ್ಣು ಕೊಡಬಹುದು.

ವಾಸ ಮಾಡುವ ಮನೆಯ ಹಿತ್ತಿಲಲ್ಲಿ ಬೇರೆಯವರ ಸಮಾಧಿ ಯಾಕೆ ಎಂದು ಅಜ್ಜಿ ಗಾಬರಿಯಾದರು. ನಾಳೆ ನೀವು ಮನೆ ಮಾರಿದರೆ?

“ಎಲ್ಲಿ ಮಾರ್ತಾರೆ ಇವ್ರು,” ಎಂದರು ಶೈಲಜಾ ಆಂಟಿ. “ಈಶಾನ್ಯ ಮೂಲೆ ಸರಿ ಇರೋ ಮನೆ ಬೇಕು ಅಂತ ದಿಕ್ಸೂಚಿ ಹಿಡ್ಕೊಂಡು ಹದಿನಾಲ್ಕು ಮನೆ ಸುತ್ತಿಸಿದಾರೆ ನನ್ನ. ಏಜೆಂಟಮ್ಮ ಅತ್ತೇಬಿಟ್ಟಿದ್ಲು.”

ಅಜ್ಜಿ ಎದುರಿನ ಗೋಡೆಯತ್ತ ನೋಡಿದರು. ಬಿಳಿ ಗಡ್ಡದವನು ಇನ್ನೂ ಭುಜ ಹಿಡಿದೇ ನಿಂತಿದ್ದ.

ಭಾನುವಾರ ಬೆಳಿಗ್ಗೆ ಅಕ್ಷತಾ ಕೋಟುಗಳನ್ನು ಸರಿಸಿ ಡಬ್ಬಿ ತೆಗೆದು ಕೊಟ್ಟಾಗ ಅಜ್ಜಿ ಅದನ್ನು ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿ ಕೂತರು. ಸೀಟ್‌ಬೆಲ್ಟನ್ನು ಡಬ್ಬಿಯ ಮೇಲಿಂದಲೇ ಹಾಕಿಸಿಕೊಂಡರು. ಇಷ್ಟೇನು ಭಾರ ಎಂದು ಒಮ್ಮೆ ಅಂದರು, ಮತ್ತೊಮ್ಮೆ, ಇಷ್ಟೇ ಏನು ಭಾರ ಎಂದರು.

ರಾಮ್ ಅಂಕಲ್ಲರ ಹಿತ್ತಿಲಲ್ಲಿ ಜಾಗ ಆರಿಸಿದ್ದು ಶೈಲಜಾ ಆಂಟಿ. ಗುಲಾಬಿ ಗಿಡದ ಹತ್ತಿರ ಬೇಡ, ಜಿಂಕೆಗಳು ಬಂದು ತುಳಿಯುತ್ತವೆ, ಬೇಲಿಯ ಪಕ್ಕದಲ್ಲಿರಲಿ ಎಂದರು. ಬಸವಪ್ರಸಾದ್ ಸಲಿಕೆ ಹಿಡಿದರು. ರಾಮ್ ಅಂಕಲ್ ಕೈಜೋಡಿಸಲು ಬಂದರೆ ಬೇಡ ಎಂದರು. ಕೀಬೋರ್ಡಿಗಷ್ಟೇ ಪಳಗಿದ ಕೈ. ಹತ್ತು ನಿಮಿಷಕ್ಕೆ ಬೊಕ್ಕೆ ಎದ್ದವು. ಸೊಂಟದಾಳ ಅಗೆದು, ಒಳಗಿಳಿದು, ಪಕ್ಕದ ಗೋಡೆಯಲ್ಲಿ ಮಂಡಿಯೂರಿ ಗೂಡು ಕೊರೆದರು. ಫೋನಿನಲ್ಲಿ ನಾಲ್ಕು ತಿಂಗಳು ಹೇಳಿದ್ದ ಅದೇ ಅಳತೆಯ ಗೂಡು. ಅಜ್ಜಿ ಮೇಲಿನಿಂದ ನೋಡುತ್ತ ನಿಂತಿದ್ದರು. ಗೂಡಿನ ಒಂದು ಅಂಚು ಕುಸಿದಾಗ, ನಿನ್ನೆ ಬೆಳಗಿನಿಂದ ಮೊದಲ ಸಲ ಮಗನ ಜೊತೆ ಮಾತಾಡಿದರು.

“ಮ್ಯಾಲಿಂದ ಕೆರಿ. ಕೆಳಗಿಂದ ಕೆರದ್ರ ಮತ್ತ ಬೀಳತೈತಿ.”

ಬಸವಪ್ರಸಾದ್ ತಲೆಯೆತ್ತಲಿಲ್ಲ. ಹೂಂ ಅವ್ವಾ ಎಂದು ಮೇಲಿಂದ ಕೆರೆಯತೊಡಗಿದರು. ಮೂಗಿನ ತುದಿಯಿಂದ ಹನಿ ಬೀಳುತ್ತಿತ್ತು. ಬೆವರು ಇದ್ದೀತು.

ಜಿಪ್‌ಲಾಕ್ ಕವರಿನಿಂದ ಲಿಂಗ ತೆಗೆದು ಅಜ್ಜಿ ತೊಳೆದರು. ಡಬ್ಬಿಗೆ ಮೂರು ಬೆರಳಿನಿಂದ ವಿಭೂತಿ ಹಚ್ಚಲು ಹೋಗಿ ತಡೆದರು. ಮುಖ ಯಾವ ಕಡೆ ಎಂದು ಕೇಳಿದರು.

ಎಲ್ಲರೂ ಡಬ್ಬಿ ನೋಡಿದರು. ನಾಲ್ಕೂ ಕಡೆ ಒಂದೇ ಥರ ಕಪ್ಪು.

“ಹೆಸರ ಬರದ ಕಡೆ ಅಜ್ಜಿ,” ಎಂದಳು ಅಕ್ಷತಾ. “ಅಜ್ಜನ ಹೆಸರೈತಲ್ಲ, ಅದ ಮುಖ.”

ಸರಿಯೆನಿಸಿತು. ಹೆಸರಿನ ಮೇಲೆ ವಿಭೂತಿ ಬಿತ್ತು. ಅಂಗೈ ಇಲ್ಲದ್ದಕ್ಕೆ ಲಿಂಗವನ್ನು ಡಬ್ಬಿಯ ಮೇಲೆ ಬಿಲ್ವಪತ್ರೆಯಿಟ್ಟು ಕೂರಿಸಿದರು. ಪತ್ರೆ ಎಡಿಸನ್ನಿನ ಅಂಗಡಿಯಲ್ಲಿ ಸಿಕ್ಕ ಒಣಗಿದ್ದು. ಉತ್ತರ ಯಾವ ಕಡೆ ಎಂದು ಅಜ್ಜಿ ಕೇಳಿ ಮುಗಿಸುವ ಮುಂಚೆಯೇ ರಾಮ್ ಅಂಕಲ್ ಬೆರಳು ತೋರಿಸಿದರು. ಆ ವಿಷಯದಲ್ಲಿ ಅವರಷ್ಟು ಖಚಿತವಾದವರು ನ್ಯೂಜೆರ್ಸಿಯಲ್ಲಿ ಇನ್ನೊಬ್ಬರಿರಲಿಲ್ಲ.

“ಎಲ್ಲಾರೂ ಕೈ ಹಚ್ಚರಿ,” ಎಂದರು ಅಜ್ಜಿ. “ನೀವೂ ಬರ್ರಿ. ಜಳಕಾ ಮಾಡಿಸಿದವ್ರು ನೀವು.”

ಒಂದಡಿಯ ಡಬ್ಬಿ, ಆರು ಜನ, ಹನ್ನೆರಡು ಕೈ. ಒಬ್ಬರ ಮೊಣಕೈ ಒಬ್ಬರಿಗೆ ತಾಗುತ್ತಿತ್ತು, ಶೈಲಜಾ ಆಂಟಿಯ ಬಳೆ ಅಮ್ಮನ ಸೆರಗಿಗೆ ಸಿಕ್ಕಿತು, ಯಾರಿಗೂ ಸರಿಯಾಗಿ ಹಿಡಿಯಲು ಜಾಗವಿರಲಿಲ್ಲ. ಅಕ್ಷತಾ ಬಗ್ಗಿ ತಳಕ್ಕೆ ಎರಡೂ ಅಂಗೈ ಕೊಟ್ಟಳು. ಪೇಪರಿನಲ್ಲಿ ಅವಳು ಬಣ್ಣದ ಬಗ್ಗೆ, ಬೆಳಕಿನ ಬಗ್ಗೆ, ಗೆರೆಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದಳು. ಅಷ್ಟು ಜನ ಹೀಗೆ ಒತ್ತೊತ್ತಾಗಿ ಯಾಕೆ ನಿಂತಿದ್ದಾರೆ ಎಂದು ಬರೆದಿರಲಿಲ್ಲ.

ಕೆಳಗೆ ನಿಂತ ಬಸವಪ್ರಸಾದ್ ಡಬ್ಬಿಯನ್ನು ಎದೆಗೆ ಇಳಿಸಿಕೊಂಡು ಗೂಡಿನಲ್ಲಿ ಉತ್ತರಕ್ಕೆ ಮುಖ ಮಾಡಿ ಇಟ್ಟರು. ಮೇಲಕ್ಕೆ ಹತ್ತಲು ಕೈ ಚಾಚಿದಾಗ ಹಿಡಿದದ್ದು ತಾಯಿ.

ಗುರುಸಿದ್ದಮ್ಮ ಅಗೆದು ಹಾಕಿದ ಗುಡ್ಡೆಯಿಂದ ಒಂದು ಹಿಡಿ ಮಣ್ಣು ತೆಗೆದುಕೊಂಡರು. ಊರಿನ ಹಾಗೆ ಕರಿ ಮಣ್ಣಲ್ಲ, ಕೆಂಪು. ಬೆರಳಿನಲ್ಲಿ ಉಜ್ಜಿ ಹೆಂಟೆ ಒಡೆದರು, ಸಣ್ಣ ಕಲ್ಲೊಂದನ್ನು ಹೆಕ್ಕಿ ಆಚೆ ಎಸೆದರು.

“ಕುಂಡ್ರರಿ ಇನ್ನ, ಆರಾಮ,” ಎಂದು ಹೇಳಿ ಮಣ್ಣು ಬಿಟ್ಟರು.

ಗುಂಡಿ ತುಂಬುವ ಹೊತ್ತಿಗೆ ಎಲ್ಲರ ಕೈಯೂ ಕೆಸರು. ಅಕ್ಷತಾ ಗಿಡಕ್ಕೆ ನೀರು ಬಿಡುವ ಪೈಪು ತೆಗೆದುಕೊಳ್ಳಲು ಹೋದಳು. ರಾಮ್ ಅಂಕಲ್ ತಡೆದರು. ಮೇ ತಿಂಗಳಾದರೂ ಬೆಳಗಿನ ನೀರು ಕೊರೆಯುತ್ತದೆ ಎಂದು ಒಳಗೆ ಹೋಗಿ ಒಂದು ಪಾತ್ರೆ ಹಿಡಿದು ಬಂದರು. ಮೆಟ್ಟಿಲ ಮೇಲೆ ನಿಂತು ಅದರಲ್ಲಿ ಬೆರಳದ್ದಿ ನೋಡಿಕೊಂಡರು. ಆಮೇಲೆ ಬಂದು ಅಜ್ಜಿಯ ಕೈಗೆ ಹೊಯ್ದರು.